ಸ್ಕಾಪಾ ಫ್ಲೋ ಪ್ರವಾಸ: ಡೈವಿಂಗ್ ವೈದ್ಯರೊಂದಿಗೆ ಪ್ರಶ್ನೋತ್ತರ

ವೈದ್ಯೆ: ನಮ್ಮ ಗುಂಪಿನ ಕೆಲವರು ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳ ಸ್ಟ್ರೋಮ್‌ನೆಸ್ ಬಂದರಿನಿಂದ ಚಾರ್ಟರ್ ದೋಣಿಯಲ್ಲಿ ಹೊರಟು, 1919ರ ಜೂನ್ 21ರಂದು ಸ್ಕಾಪಾ ಫ್ಲೋ ಕೊಲ್ಲಿಯಲ್ಲಿ ಜರ್ಮನ್ ನಾವಿಕರೇ ಮುಳುಗಿಸಿದ ಯುದ್ಧನೌಕೆಗಳ ಅವಶೇಷಗಳನ್ನು ನೋಡಲು ಹೋಗುತ್ತಿದ್ದಾರೆ. ಆರೋಗ್ಯ ಮತ್ತು ಸುರಕ್ಷತೆಯ ಪ್ರಶ್ನೆಗಳನ್ನು ಇಲ್ಲಿ ಕೇಳಬಹುದು. ಬಾಡಿಗೆ, ಊಟ, ಕ್ಯಾಮೆರಾಗಳ ವಿಚಾರವನ್ನು ದಯವಿಟ್ಟು ಬೇರೆಡೆ ಚರ್ಚಿಸಿ.

ರಶ್ಮಿ: ನಮಸ್ಕಾರ ಮೇಡಂ. ನಾನು ಈವರೆಗೆ ಬೆಚ್ಚಗಿನ ಸಮುದ್ರದಲ್ಲಿ ಮಾತ್ರ ಮುಳುಗಿದ್ದೇನೆ. ಏಳು ಮಿಲಿಮೀಟರ್ ದಪ್ಪದ ವೆಟ್‌ಸೂಟ್ ಸಾಕಾಗುವುದಿಲ್ಲವೇ?

ವೈದ್ಯೆ: ಸಾಕಾಗುವುದಿಲ್ಲ ರಶ್ಮಿಯವರೇ. ಮೇ ತಿಂಗಳಲ್ಲಿ ಅಲ್ಲಿನ ನೀರು ಹತ್ತು ಡಿಗ್ರಿಯ ಆಸುಪಾಸಿನಲ್ಲಿ, ಹೆಚ್ಚಾಗಿ ಅದಕ್ಕಿಂತ ಕೆಳಗೇ ಇರುತ್ತದೆ. ದಿನಕ್ಕೆರಡು ಬಾರಿಯಂತೆ ಆರು ದಿನ ಮುಳುಗುವಾಗ ಚಳಿ ದಿನದಿಂದ ದಿನಕ್ಕೆ ಮೈಯಲ್ಲಿ ಉಳಿಯುತ್ತಾ ಹೋಗುತ್ತದೆ. ನೀರು ಒಳಗೆ ಬಾರದ ಡ್ರೈಸೂಟ್ ಬೇಕೇ ಬೇಕು, ಮತ್ತು ಅದನ್ನು ಅಲ್ಲಿಗೆ ಹೋಗಿ ಕಲಿಯುವಂತಿಲ್ಲ. ಸೂಟಿನೊಳಗಿನ ಗಾಳಿ ಕಾಲಿನ ಕಡೆಗೆ ಓಡಿದರೆ ತಲೆಕೆಳಗಾಗಿ ಮೇಲಕ್ಕೆ ಹಾರುತ್ತೀರಿ. ಅದನ್ನು ಸರಿಪಡಿಸುವ ಅಭ್ಯಾಸ ಮೊದಲೇ ಯಾವುದಾದರೂ ಕೆರೆಯಲ್ಲಿ ಆಗಿರಬೇಕು. ಸಿಲಿಂಡರಿನಿಂದ ಬಾಯಿಗೆ ಗಾಳಿ ಕೊಡುವ ರೆಗ್ಯುಲೇಟರ್ ಕೂಡ ತಣ್ಣೀರಿಗೆಂದೇ ತಯಾರಾದದ್ದಿರಲಿ. ಸಿಲಿಂಡರಿನ ಗಾಳಿ ಹಿಗ್ಗುವಾಗ ಇನ್ನೂ ತಣ್ಣಗಾಗಿ ಒಳಗೆ ಮಂಜುಗಟ್ಟುತ್ತದೆ, ಆಮೇಲೆ ಗಾಳಿ ನಿಲ್ಲದೆ ಸುರಿದು ಕೆಲವೇ ನಿಮಿಷಗಳಲ್ಲಿ ಸಿಲಿಂಡರ್ ಬರಿದಾಗುತ್ತದೆ. ಇನ್ನೊಂದು ಮಾತು: ಅಲ್ಲಿ ದೋಣಿಯ ನಾಯಕ ನಿಮ್ಮ ಜೊತೆ ನೀರಿಗಿಳಿಯುವ ಗೈಡ್ ಅಲ್ಲ. ಯಾವಾಗ ಜಿಗಿಯಬೇಕೆಂದು ಆತ ಹೇಳುತ್ತಾನೆ. ಕೆಳಗೆ ನೀವು ಮತ್ತು ನಿಮ್ಮ ಜೊತೆಗಾರ ಮಾತ್ರ ಇರುತ್ತೀರಿ.

ಮಂಜುನಾಥ: ಡಾಕ್ಟರೇ, ನನಗೆ 53 ವರ್ಷ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ. ಕಳೆದ ವರ್ಷ ಬೇರೊಂದು ಕಡೆ ತಣ್ಣೀರಿನಲ್ಲಿ, ಸುಮಾರು 30 ಮೀಟರ್ ಆಳದಲ್ಲಿ, ಏಕೋ ಉಸಿರು ಸಾಲುತ್ತಿಲ್ಲ ಎನಿಸಿತು. ಮೇಲೆ ಬರುವಾಗ ಕೆಮ್ಮು ಹತ್ತಿತು. ದೋಣಿಯ ಬೆಂಚಿನ ಮೇಲೆ ಕುಳಿತು ಕರವಸ್ತ್ರಕ್ಕೆ ಉಗುಳಿದಾಗ ನಸುಗೆಂಪು ನೊರೆ ಕಂಡಿತು. ಮಲಗಿದರೆ ಎದೆಯೊಳಗೆ ಗೊರಗೊರ ಸದ್ದು ಕೇಳುತ್ತಿತ್ತು. ಸಂಜೆಯ ಹೊತ್ತಿಗೆ ಎಲ್ಲವೂ ಸರಿಹೋಯಿತು. ಸ್ವಲ್ಪ ನೀರು ಕುಡಿದಿರಬೇಕೆಂದು ಎಲ್ಲರೂ ಹೇಳಿದರು. ಮೇ ಪ್ರವಾಸಕ್ಕೆ ಮುಂಗಡ ಕಟ್ಟಿದ್ದೇನೆ. ತೊಂದರೆಯಿಲ್ಲ ತಾನೇ?

ಗಿರೀಶ: ಆತಂಕ ಬೇಡ ಮಂಜಣ್ಣ, ಎಲ್ಲರಿಗೂ ಒಮ್ಮೆ ಹಾಗಾಗುತ್ತದೆ. ಇದು ಇನ್ನೊಂದು ಗುಂಪಿನಲ್ಲಿ ಬಂದ ಸಂದೇಶ: "ಡೈವಿಂಗ್‌ಗೆ ಮೊದಲು ಎರಡು ಲೀಟರ್ ನೀರು, ಒಂದು ಆಸ್ಪಿರಿನ್, ಒಂದು ಗುಟುಕು ಬ್ರಾಂದಿ ತೆಗೆದುಕೊಂಡರೆ ಬೆಂಡ್ಸ್ (ಮೇಲೇರುವಾಗ ಮೈಯಲ್ಲಿ ನೈಟ್ರೋಜನ್ ಗುಳ್ಳೆಗಳಾಗಿ ಬರುವ ಕಾಯಿಲೆ) ಹತ್ತಿರ ಸುಳಿಯುವುದಿಲ್ಲ, ಚಳಿಯೂ ತಟ್ಟುವುದಿಲ್ಲ."

ವೈದ್ಯೆ: ಮಂಜುನಾಥ ಅವರೇ, ತೊಂದರೆಯಿದೆ. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ, ನೀರಿನಲ್ಲಿರುವಾಗಲೇ ಶ್ವಾಸಕೋಶದೊಳಗೆ ದ್ರವ ಒಸರಿ ತುಂಬಿಕೊಳ್ಳುವ ಸ್ಥಿತಿ ಅದಾಗಿತ್ತೆಂಬ ಬಲವಾದ ಅನುಮಾನ ನನಗಿದೆ. ಸಮುದ್ರದ ನೀರು ಕುಡಿದವರಿಗೆ ಆ ಕ್ಷಣದ ನೆನಪಿರುತ್ತದೆ; ನಿಮಗೆ ಆಳದಲ್ಲಿರುವಾಗಲೇ, ಬಾಯಿಗೆ ನೀರು ಹೋಗದೆಯೇ ಉಸಿರು ಸಾಲದಾಯಿತು.

ನೀರಿಗಿಳಿದ ಕೂಡಲೇ ಅದರ ಒತ್ತಡ ಕಾಲುಗಳ ರಕ್ತವನ್ನು ಎದೆಯ ಕಡೆಗೆ ತಳ್ಳುತ್ತದೆ. ಆ ಪ್ರಮಾಣ ಅರ್ಧ ಲೀಟರಿಗೂ ಹೆಚ್ಚಿರಬಹುದು. ತಣ್ಣೀರಿಗೆ ಚರ್ಮದ ರಕ್ತನಾಳಗಳು ಬಿಗಿದುಕೊಳ್ಳುವುದರಿಂದ ಹೃದಯ ಹೆಚ್ಚಿನ ತಡೆಯ ಎದುರು ರಕ್ತವನ್ನು ನೂಕಬೇಕಾಗುತ್ತದೆ, ಮತ್ತು ಮೊದಲೇ ಬಿಪಿ ಇದ್ದವರಲ್ಲಿ ಈ ಹೊರೆ ಇನ್ನಷ್ಟು ಏರುತ್ತದೆ. ಬಿಗಿಯಾದ ಸೂಟ್, ಪ್ರವಾಹದ ಎದುರು ಈಜು, ಎಳೆದು ಉಸಿರಾಡಬೇಕಾದ ರೆಗ್ಯುಲೇಟರ್, ಮೊದಲೇ ಕುಡಿದ ಅತಿಯಾದ ನೀರು ಇವೆಲ್ಲ ಸೇರಿದಾಗ ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳು ಸೋರತೊಡಗುತ್ತವೆ. ಮೇಲೇರುವಾಗ ಸ್ಥಿತಿ ಇನ್ನೂ ಕೆಡುವುದು ಏಕೆಂದರೆ, ಆಳದಲ್ಲಿ ಒತ್ತಡದಿಂದಾಗಿ ಹೆಚ್ಚು ಸಿಗುತ್ತಿದ್ದ ಆಮ್ಲಜನಕ ಮೇಲೆ ಬಂದಂತೆ ಕಡಿಮೆಯಾಗುತ್ತದೆ. ಏಣಿಯ ಬುಡಕ್ಕೆ ಬಂದು ಪ್ರಜ್ಞೆ ತಪ್ಪಿದವರಿದ್ದಾರೆ.

ಹೊರಗೆ ಬಂದ ಮೇಲೆ ಗಂಟೆಗಳಲ್ಲಿ ವಾಸಿಯಾಗುವುದೇ ಇದರ ಮೋಸ. ಒಮ್ಮೆ ಆದವರಿಗೆ ಮತ್ತೆ ಆಗುವ ಸಂಭವ ಸಾಕಷ್ಟಿದೆ, ಮುಂದಿನ ಸಲ ಅದು ಇಷ್ಟಕ್ಕೇ ನಿಲ್ಲುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಹೃದಯದ ಎಕೋ, ಇಸಿಜಿ, 24 ಗಂಟೆಗಳ ಬಿಪಿ ದಾಖಲೆ ಆಗುವವರೆಗೆ ಮತ್ತು ಡೈವಿಂಗ್ ವೈದ್ಯರೊಬ್ಬರು ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ನೋಡುವವರೆಗೆ ನೀರಿಗಿಳಿಯಬೇಡಿ. ಈಜುಕೊಳಕ್ಕೂ ಬೇಡ. ಯಾವ ಬಿಪಿ ಮಾತ್ರೆ ಎಂಬುದನ್ನು ನನಗೆ ಖಾಸಗಿಯಾಗಿ ತಿಳಿಸಿ. ಹೃದಯದ ಬಡಿತವನ್ನು ನಿಧಾನಿಸುವ ಕೆಲವು ಬೀಟಾ ಬ್ಲಾಕರ್‌ಗಳು ಈ ವಿಷಯದಲ್ಲಿ ಮುಖ್ಯವಾಗುತ್ತವೆ.

ಜೊತೆಗೆ ಹೋಗುವವರು ಓದಿಕೊಳ್ಳಿ: ಹೀಗಾದವರನ್ನು ಕೂಡಲೇ ನೀರಿನಿಂದ ತೆಗೆದು, ಮಲಗಿಸದೆ ಕೂರಿಸಿ, ಸೂಟ್ ಸಡಿಲಿಸಿ, ಶುದ್ಧ ಆಮ್ಲಜನಕ ಕೊಡಿ, ಸಹಾಯಕ್ಕೆ ಕರೆ ಮಾಡಿ. ಕುಡಿಯಲು ಏನನ್ನೂ ಕೊಡಬೇಡಿ.

ಮಂಜುನಾಥ: ಗಿರೀಶ ಕಳುಹಿಸಿದ ಈ ಸಂದೇಶ ನನಗೆ ಕಳೆದ ವರ್ಷವೇ ಬಂದಿತ್ತು. ಅಂದು ಬೆಳಿಗ್ಗೆ ಎರಡು ಲೀಟರ್ ನೀರು ಕುಡಿದೇ ಇಳಿದಿದ್ದೆ.

ವೈದ್ಯೆ: ಗಿರೀಶ ಅವರೇ, ಇದನ್ನು ಓದಿದಿರಾ? ಬಾಯಾರಿಕೆಗೆ ತಕ್ಕಷ್ಟು ನೀರು ಸಾಕು. ಆಸ್ಪಿರಿನ್ ಬೆಂಡ್ಸ್ ತಡೆಯುತ್ತದೆಂಬುದಕ್ಕೆ ಆಧಾರವಿಲ್ಲ, ಕಿವಿಯೊಳಗೆ ಪೆಟ್ಟಾದರೆ ರಕ್ತಸ್ರಾವವನ್ನು ಅದು ಹೆಚ್ಚಿಸಬಲ್ಲದು. ಬ್ರಾಂದಿ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಮೈಯ ಶಾಖವನ್ನು ಹೊರಹಾಕುತ್ತದೆ. ಬೆಚ್ಚಗಾದೆವೆಂಬುದು ಬರೀ ಭ್ರಮೆ. ಇಂಥ ಸಂದೇಶಗಳನ್ನು ಇಲ್ಲಿ ಹಾಕಬೇಡಿ.

ಗಿರೀಶ: ಒಳ್ಳೆಯ ಉದ್ದೇಶದಿಂದ ಹಾಕಿದ್ದೆ ಮೇಡಂ. ನನ್ನ ಸ್ನೇಹಿತನೊಬ್ಬ ಹೀಗೇ ಮಾಡಿ ರಾಯಲ್ ಓಕ್ ಹಡಗನ್ನೇ ನೋಡಿ ಬಂದಿದ್ದಾನೆ, ಒಂದು ಹಿತ್ತಾಳೆಯ ತುಂಡನ್ನೂ ತಂದಿದ್ದಾನೆ.

ಸತೀಶ: ಹಾಗಾದರೆ ನಿಮ್ಮ ಸ್ನೇಹಿತ ಸುಳ್ಳು ಹೇಳುತ್ತಿದ್ದಾನೆ, ಇಲ್ಲವೇ ಅಪರಾಧ ಮಾಡಿದ್ದಾನೆ. 1939ರ ಅಕ್ಟೋಬರ್ 14ರಂದು ಎಂಟುನೂರಕ್ಕೂ ಹೆಚ್ಚು ಜನರೊಂದಿಗೆ ಮುಳುಗಿದ ಬ್ರಿಟಿಷ್ ಯುದ್ಧನೌಕೆಯದು. ಯುದ್ಧ ಸಮಾಧಿಯಾದ ಕಾರಣ ಪರವಾನಗಿಯಿಲ್ಲದೆ ಅಲ್ಲಿ ಮುಳುಗುವಂತಿಲ್ಲ. ನಾವು ನೋಡಲಿರುವ ಮೂರು ಯುದ್ಧನೌಕೆಗಳು, ನಾಲ್ಕು ಕ್ರೂಸರ್‌ಗಳು ಕೂಡ ಸಂರಕ್ಷಿತ ಸ್ಮಾರಕಗಳು. ಒಂದು ತಿರುಪನ್ನೂ ತರುವಂತಿಲ್ಲ.

ಗಿರೀಶ: ನೀವು ವಕೀಲರೋ, ಡೈವರೋ? ತಳದಲ್ಲಿ ತುಕ್ಕು ಹಿಡಿಯುವ ವಸ್ತುವಿಗೆ ಇಷ್ಟೊಂದು ಭಕ್ತಿ ಏಕೆ?

ಸತೀಶ: ನಿಮ್ಮಂಥವರು ಒಬ್ಬರಿದ್ದರೆ ಇಡೀ ಗುಂಪಿಗೆ ಕೆಟ್ಟ ಹೆಸರು ಬರುತ್ತದೆ. ನಿಮ್ಮ ಜೊತೆ ಒಂದೇ ದೋಣಿಯಲ್ಲಿ ಹೋಗುವ ಮನಸ್ಸು ನನಗಿಲ್ಲ.

ಶೈಲಜಾ: ಮಾಸ್ಕಿನೊಳಗೆ ಕಾಂಟ್ಯಾಕ್ಟ್ ಲೆನ್ಸ್ ಧರಿಸಬಹುದೇ?

ವಿನಯ: ಐದು ಮಿಲಿಮೀಟರ್ ವೆಟ್‌ಸೂಟ್ ಮೇಲೆ ಇನ್ನೊಂದು ಕೋಟು ತೊಟ್ಟರೆ ನಡೆಯುತ್ತದೆಯೇ?

ವೈದ್ಯೆ: ಡ್ರೈಸೂಟ್. ರಶ್ಮಿಯವರಿಗೆ ಬರೆದದ್ದನ್ನು ಓದಿ.

ರಶ್ಮಿ: ಡ್ರೈಸೂಟ್ ಒಳಗೆ ಬ್ಯಾಟರಿಯಿಂದ ಕಾಯುವ ಜಾಕೆಟ್ ಹಾಕಿಕೊಳ್ಳಬಹುದೇ ಮೇಡಂ?

ವೈದ್ಯೆ: ಒಳ್ಳೆಯ ಪ್ರಶ್ನೆ. ತಳದಲ್ಲಿ ಬೆಚ್ಚಗಿದ್ದು ಮೇಲೇರುವಾಗ ತಣ್ಣಗಾದವರಿಗೆ ಬೆಂಡ್ಸ್ ಹೆಚ್ಚಾಗಿ ಬರುತ್ತದೆಂದು ಅಮೆರಿಕದ ನೌಕಾಪಡೆಯ ಪ್ರಯೋಗಗಳು ತೋರಿಸಿವೆ. ಬೆಚ್ಚಗಿರುವಾಗ ಅಂಗಾಂಶಗಳಿಗೆ ರಕ್ತ ಚೆನ್ನಾಗಿ ಹರಿದು ನೈಟ್ರೋಜನ್ ಹೆಚ್ಚು ಸೇರುತ್ತದೆ; ಆಮೇಲೆ ಚಳಿಗೆ ನಾಳಗಳು ಬಿಗಿದರೆ ಅದು ಹೊರಬರಲು ದಾರಿ ಕಿರಿದಾಗುತ್ತದೆ. ಆದ್ದರಿಂದ ಕೆಳಗೆ ಜಾಕೆಟನ್ನು ಆಫ್ ಮಾಡಿಡಿ, ಮೇಲೇರುವಾಗ ಆನ್ ಮಾಡಿಕೊಳ್ಳಿ. ಬ್ಯಾಟರಿ ಕೈಕೊಟ್ಟರೂ ತಾಳುವಷ್ಟು ಒಳಉಡುಪು ಇರಲಿ.

ವಿನಯ: ಕೊನೆಯ ಡೈವ್ ಆದ ಎಷ್ಟು ಹೊತ್ತಿಗೆ ವಿಮಾನ ಹತ್ತಬಹುದು?

ವೈದ್ಯೆ: ಹಲವು ದಿನ ಮುಳುಗಿದ ಮೇಲೆ ಕನಿಷ್ಠ 18 ಗಂಟೆ. ಮೇಲೇರುವಾಗ ನಡುವೆ ನಿಂತು ನೈಟ್ರೋಜನ್ ಹೊರಹೋಗಲು ಕಾಯುವ ಡಿಕಂಪ್ರೆಷನ್ ನಿಲುಗಡೆಗಳಿದ್ದ ಡೈವ್ ಆಗಿದ್ದರೆ 24 ಗಂಟೆ ಕಾಯಿರಿ.

ಗಿರೀಶ: ನನ್ನ ಸ್ನೇಹಿತ ಆರು ಗಂಟೆಗೇ ಹತ್ತಿದ್ದ.

ವೈದ್ಯೆ: ನಿಮ್ಮ ಸ್ನೇಹಿತನ ವಿಚಾರ ಸಾಕು.

ಶೈಲಜಾ: ಲೆನ್ಸ್ ಬಗ್ಗೆ ಕೇಳಿದ್ದೆ.

ಮಂಜುನಾಥ: ಡಾಕ್ಟರೇ, ಮಾರ್ಕ್‌ಗ್ರಾಫ್ ಯುದ್ಧನೌಕೆ ಇರುವ 45 ಮೀಟರ್ ಆಳ ಬಿಟ್ಟುಬಿಡುತ್ತೇನೆ. ಬರ್ರಾ ಸೌಂಡ್‌ನಲ್ಲಿ ಆ ಜಲಸಂಧಿಯ ದಾರಿ ಮುಚ್ಚಲು ಮುಳುಗಿಸಿದ ಹಡಗುಗಳು ಆಳವಿಲ್ಲದ ಕಡೆ ಇವೆಯಂತೆ. ಅಷ್ಟನ್ನಾದರೂ ನೋಡಬಹುದೇ?

ವೈದ್ಯೆ: ಬೇಡ. ಇದಕ್ಕೂ ಆಳಕ್ಕೂ ಅಂಥ ಸಂಬಂಧವಿಲ್ಲ. ನೀರಿನ ಮೇಲ್ಮೈಯಲ್ಲಿ ಈಜುವವರಿಗೂ ಹೀಗಾಗುತ್ತದೆ. ಅಲ್ಲಿ ಪ್ರವಾಹವೂ ಬಲವಾಗಿದ್ದು, ಉಬ್ಬರವಿಳಿತದ ನಡುವೆ ನೀರು ನಿಂತ ಅಲ್ಪ ಸಮಯದಲ್ಲೇ ಇಳಿದು ಏಳಬೇಕಾಗುತ್ತದೆ. ತಡವಾದರೆ ಬಿರುಸಾಗಿ ಈಜಲೇಬೇಕು, ಅದೇ ನಿಮಗೆ ಆಗಬಾರದ್ದು.

ಸತೀಶ: ಮುಂಗಡ ಮರಳಿ ಬರುವುದೇ ಎಂದು ದೋಣಿಯವರನ್ನು ನಾನು ವಿಚಾರಿಸುತ್ತೇನೆ ಮಂಜಣ್ಣ.

ಮಂಜುನಾಥ: ವಿಚಾರಿಸಿ. ಸೋಮವಾರ ಎಕೋ ಮಾಡಿಸುತ್ತಿದ್ದೇನೆ. ಮಾತ್ರೆಯ ಹೆಸರನ್ನು ಡಾಕ್ಟರಿಗೆ ಕಳುಹಿಸಿದ್ದೇನೆ.

ವಿನಯ: ವೆಟ್‌ಸೂಟ್ ಬಾಡಿಗೆಗೆ ಅಲ್ಲೇ ಸಿಗುತ್ತದೆಯೇ?