165/80 ಆರ್14: ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇಗೂ ನಾಲೆ ರಸ್ತೆಗೂ ಆಗೋ ಟೈರ್ ಯಾವುದು? ದುಬಾರಿದು ಬೇಕಾ?

ಕುವೆಂಪುನಗರ_ಸ್ವಿಫ್ಟ್:
ಸ್ವಿಫ್ಟ್ ವಿಎಕ್ಸ್‌ಐ ಪೆಟ್ರೋಲ್, ಕಂಪನಿ ಸೈಜ್ 165/80 ಆರ್14 (165 ಮಿ.ಮೀ. ಅಗಲ, ಸೈಡ್‌ವಾಲ್ ಅಂದ್ರೆ ಪಕ್ಕದ ಗೋಡೆಯ ಎತ್ತರ ಅದರ ಶೇ. 80, ಡಿಸ್ಕ್ ಅಂದ್ರೆ ರಿಮ್ 14 ಇಂಚು). ಈಗಿರೋ ಟೈರ್ 46,000 ಕಿ.ಮೀ. ಓಡಿವೆ, ತಯಾರಾದ ಡೇಟ್ 3119. ಮುಂದಿನ ಎರಡರ ಬಟನ್ (ರಸ್ತೆಗೆ ತಾಗೋ ಟ್ರೆಡ್‌ನ ಆಳ) 2.5 ಮಿ.ಮೀ., ಹಿಂದಿನವು 4ರ ಹತ್ತಿರ. ವಾರಕ್ಕೊಮ್ಮೆ ಬೆಂಗಳೂರು, ಹದಿನೈದು ದಿನಕ್ಕೊಮ್ಮೆ ಪಾಂಡವಪುರದ ಕಡೆ ನಾಲೆ ಏರಿ ರಸ್ತೆ, ಮಿಕ್ಕಿದ್ದು ಊರೊಳಗೆ.

ಅಂಗಡಿಯಲ್ಲಿ ಅಗ್ಗದ್ದಕ್ಕೂ ದುಬಾರಿದಕ್ಕೂ ನಾಲ್ಕು ಟೈರ್ ಸೇರಿ ಏಳೆಂಟು ಸಾವಿರ ವ್ಯತ್ಯಾಸ ಹೇಳ್ತಿದ್ದಾರೆ. ಮಳೇಲಿ ಬ್ರೇಕ್ ಹಿಡಿಯೋದರಲ್ಲಿ, ತಿರುವಲ್ಲಿ ಅಷ್ಟು ವ್ಯತ್ಯಾಸ ನಿಜವಾಗಲೂ ಇದೆಯಾ? ಅಥವಾ ಒಳ್ಳೇ ಕಂಪನಿದು ಎರಡು ತಗೊಂಡು ಮುಂದಕ್ಕೆ ಹಾಕಿಸಿದರೆ ಸಾಕಾ? 185/70 ಹಾಕಿಸಿ ಅಂತಲೂ ಒಬ್ಬರು ಹೇಳಿದರು. ಹೈವೇಗೆ ಹೋಗುವಾಗ ಗಾಳಿ 28ಕ್ಕೆ ಇಳಿಸಬೇಕಂತೆ, ಇಲ್ಲಾಂದ್ರೆ ಬಿಸಿಗೆ ಸಿಡಿಯುತ್ತಂತೆ. ಇದು ಸರಿನಾ?

ರಬ್ಬರ್_ಲೆಕ್ಕ:
ಒಣ ರಸ್ತೇಲಿ, ಊರೊಳಗಿನ 40–50ರ ವೇಗದಲ್ಲಿ ವ್ಯತ್ಯಾಸ ನಿಮಗೆ ಗೊತ್ತೇ ಆಗಲ್ಲ. ದುಡ್ಡು ಕೊಡೋದು ಒದ್ದೆ ರಸ್ತೆಗೆ.

ಲೆಕ್ಕ ನೋಡಿ. ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿನ ಮಿತಿ 100. ಒದ್ದೆ ಡಾಂಬರಿನ ಮೇಲೆ ಒಂದು ಟೈರಿನ ಹಿಡಿತದ ಗುಣಾಂಕ 0.7, ಇನ್ನೊಂದರದು 0.6 ಅಂತಿಟ್ಟುಕೊಳ್ಳಿ. ಕಾಲು ಪೆಡಲ್ ಮೇಲೆ ಬಿದ್ದ ಮೇಲೆ ಮೊದಲನೇದು ಸುಮಾರು 56 ಮೀಟರಿಗೆ ನಿಲ್ಲುತ್ತೆ, ಎರಡನೇದಕ್ಕೆ 65 ಮೀಟರ್ ಬೇಕು. ಒಂಬತ್ತು ಮೀಟರ್ ತಾನೇ ಅನ್ನಿಸಬಹುದು. ಆದರೆ ಮೊದಲನೇ ಕಾರು ಪೂರ್ತಿ ನಿಂತ ಜಾಗದಲ್ಲಿ ಎರಡನೇ ಕಾರು ಇನ್ನೂ ಗಂಟೆಗೆ 38 ಕಿ.ಮೀ. ವೇಗದಲ್ಲಿ ಹೋಗ್ತಿರುತ್ತೆ. ಮುಂದೆ ಲಾರಿ ನಿಂತಿದ್ದರೆ ಆ 38ರಲ್ಲೇ ಗುದ್ದೋದು.

ಈ ಹಿಡಿತ ಬರೋದು ಮುಖ್ಯವಾಗಿ ರಬ್ಬರಿನ ಮಿಶ್ರಣದಿಂದ, ಡಿಸೈನ್‌ನಿಂದ ಅಲ್ಲ. ಟ್ರೆಡ್ ರಬ್ಬರಿನಲ್ಲಿ ಕಾರ್ಬನ್ ಬ್ಲ್ಯಾಕ್ ಬದಲು ಸಿಲಿಕಾ ಹೆಚ್ಚು ಬೆರೆಸಿದರೆ ಒದ್ದೆಯಲ್ಲಿ ಹಿಡಿತ ಹೆಚ್ಚುತ್ತೆ, ಉರುಳುವಾಗಿನ ಪ್ರತಿರೋಧವೂ ಇಳಿಯುತ್ತೆ. ಆದರೆ ಸಿಲಿಕಾ ರಬ್ಬರಿಗೆ ಸುಲಭಕ್ಕೆ ಅಂಟಲ್ಲ. ಬೇರೆ ರಾಸಾಯನಿಕ ಸೇರಿಸಿ, ಬಿಸಿ ಹದ ನೋಡಿಕೊಂಡು ನಾದಬೇಕು. ಬೆಲೆ ಏರೋದು ಅಲ್ಲಿ. ಅಗ್ಗದ ಟೈರ್ ಸಾಮಾನ್ಯವಾಗಿ ಗಟ್ಟಿ ಮಿಶ್ರಣದ್ದು: ಹೆಚ್ಚು ಕಿ.ಮೀ. ಬರುತ್ತೆ, ಮಳೇಲಿ ಜಾರುತ್ತೆ.

ಇನ್ನೊಂದು ಮಾತು, ಕಂಪನಿ ಹೆಸರು ನೋಡಿ ದರ್ಜೆ ಹೇಳಕ್ಕಾಗಲ್ಲ. ಮಿಶೆಲಿನ್, ಬ್ರಿಡ್ಜ್‌ಸ್ಟೋನ್, ಯೊಕೊಹಾಮಾ ಇರಲಿ, ಎಂಆರ್‌ಎಫ್, ಅಪೊಲೊ, ಸಿಯೆಟ್, ಜೆಕೆ ಇರಲಿ, ಒಂದೇ ಕಂಪನೀಲಿ ಮೈಲೇಜ್ ಟೈರೂ ಇರುತ್ತೆ, ಹಿಡಿತದ ಟೈರೂ ಇರುತ್ತೆ. ಮಾಡೆಲ್ ಕೇಳಿ. ಸ್ಟಾರ್ ಲೇಬಲ್ ಇದ್ದರೆ ಅದು ಹೇಳೋದು ಇಂಧನ ಉಳಿತಾಯ ಮಾತ್ರ, ಬ್ರೇಕಿನ ಬಗ್ಗೆ ಏನೂ ಹೇಳಲ್ಲ. ಕೆಲವು ಟೈರ್ ಮೇಲೆ ‘ಟ್ರ್ಯಾಕ್ಷನ್ ಎ’ ಅಂತಿರುತ್ತೆ. ಅದು ಒದ್ದೆಯಲ್ಲಿ ನೇರವಾಗಿ ಬ್ರೇಕ್ ಹಿಡಿಯೋ ಪರೀಕ್ಷೆ, ತಿರುವಿನದಲ್ಲ. ಅಲ್ಲೇ ಇರೋ ‘ಟ್ರೆಡ್‌ವೇರ್’ ಸಂಖ್ಯೆಯನ್ನ ಕಂಪನಿಗಳು ತಾವೇ ಕೊಟ್ಟುಕೊಳ್ಳೋದು. ಒಂದರದ್ದನ್ನ ಇನ್ನೊಂದರ ಜೊತೆ ಹೋಲಿಸೋಕೆ ಹೋಗಬೇಡಿ.

ನಾಲೆ_ಏರಿ (ಮಂಡ್ಯ):
ಮೇಲಿನವರ ಲೆಕ್ಕ ಸರಿ ಕಣ್ರೀ, ಆದರೆ ಅವರು ಎಕ್ಸ್‌ಪ್ರೆಸ್‌ವೇ ಒಂದನ್ನೇ ನೋಡವ್ರೆ. ನಮ್ಮ ಕಡೆ ಟೈರ್ ಸಾಯೋದು ಬಟನ್ ಸವೆದಲ್ಲ, ಸೈಡ್‌ವಾಲ್ ಹೊಡೆದು. ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡೋಕೆ ಡಾಂಬರಿಂದ ಕೆಳಗಿಳಿಸ್ತೀರಿ, ಮತ್ತೆ ಹತ್ತಿಸುವಾಗ ಮುರಿದ ಅಂಚು ಸೈಡ್‌ವಾಲನ್ನ ಡಿಸ್ಕಿಗೆ ಒತ್ತಿ ಹಿಚುಕುತ್ತೆ. ಒಳಗಿನ ದಾರ ಕಿತ್ತು ಎರಡು ಮೂರು ದಿನಕ್ಕೆ ನಿಂಬೆಹಣ್ಣಿನಷ್ಟು ಉಬ್ಬು ಬರುತ್ತೆ. ಉಬ್ಬಿಗೆ ರಿಪೇರಿ ಇಲ್ಲ, ಆ ಟೈರ್ ತೆಗೀಲೇಬೇಕು. ಮೆತ್ತನೆ ಸೈಡ್‌ವಾಲಿನ ಆರಾಮದ ಮಾಡೆಲ್‌ಗಳಿಗೆ ಇದು ಬೇಗ ಆಗುತ್ತೆ. ಅಷ್ಟು ದುಡ್ಡು ಕೊಟ್ಟ ಟೈರನ್ನ ಒಂದು ಗುಂಡಿಗೆ ಕಳಕೊಂಡರೆ ಹೊಟ್ಟೆ ಉರಿಯುತ್ತೆ.

ನಿಮ್ಮ ಓಡಾಟಕ್ಕೆ ಮಧ್ಯಮ ದರ್ಜೆ ಸಾಕು, ನಾಲ್ಕೂ ಒಂದೇ ಮಾಡೆಲ್. ಆದರೆ ಮಧ್ಯಮಕ್ಕಿಂತ ಕೆಳಗೆ ಇಳೀಬೇಡಿ. ಸೆಕೆಂಡ್ಸ್ ಟೈರಂತೂ ಬೇಡವೇ ಬೇಡ. ಸವೆದ ಟೈರಿಗೆ ಬಿಸಿ ಬ್ಲೇಡಿನಲ್ಲಿ ಕಟಿಂಗ್ ಹೊಡೆದು, ಕಪ್ಪು ಬಳಿದು ಮಾರ್ತಾರೆ. ಹಿಡಿಯೋದು ಸುಲಭ: ಸೈಡ್‌ವಾಲ್ ಅಂಚಲ್ಲಿ ‘ಟಿಡಬ್ಲ್ಯುಐ’ (ಸವೆತದ ಮಿತಿ) ಗುರುತು ಇರೋ ನೇರಕ್ಕೆ ಬಟನ್‌ಗಳ ನಡುವಿನ ಕಾಲುವೆಯ ಒಳಗೆ 1.6 ಮಿ.ಮೀ. ಎತ್ತರದ ದಿಮ್ಮಿ ಇರಬೇಕು. ಕಟಿಂಗ್ ಹೊಡೆದಿದ್ದರೆ ಆ ದಿಮ್ಮಿಯೇ ಕೊಯ್ದು ಹೋಗಿರುತ್ತೆ. ಒಳಗಿನ ಉಕ್ಕಿನ ಬೆಲ್ಟಿನ ಮೇಲೆ ಉಳಿಯೋದು ಕಾಗದದಷ್ಟು ರಬ್ಬರ್.

ಹೊಸದು ತಗೊಳ್ಳುವಾಗ ಐಎಸ್‌ಐ ಗುರುತು, ಆಮೇಲೆ ಡೇಟ್. ಕೊನೇ ನಾಲ್ಕು ಅಂಕಿ ನೋಡಿ: 2325 ಅಂದ್ರೆ 2025ರ 23ನೇ ವಾರ. ಪೂರ್ತಿ ಕೋಡ್ ಒಂದು ಪಕ್ಕಕ್ಕೆ ಮಾತ್ರ ಇರುತ್ತೆ. ಜೋಡಿಸಿದ ಮೇಲೆ ಆ ಪಕ್ಕ ಒಳಗೆ ಹೋಗಿಬಿಡಬಹುದು, ಅದಕ್ಕೆ ಡಿಸ್ಕಿಗೆ ಹಾಕೋ ಮುಂಚೆ ನೋಡಿ. ಆರು ತಿಂಗಳಿಗಿಂತ ಹಳೇದಾದರೆ ಬೇರೆ ತರಿಸಿ ಅನ್ನಿ. ಜೆಕೆಯವರ ವಿಕ್ರಾಂತ್ ಕಾರ್ಖಾನೆ ಮೈಸೂರಲ್ಲೇ ಅದೆ, ಜೆಕೆ ಟೈರ್ ಬಿಸಿಬಿಸಿ ಸಿಗುತ್ತೆ ಅಂದ್ಕೋಬೇಡಿ. ತಾಜಾತನ ಹೇಳೋದು ಕೋಡು, ಊರಲ್ಲ.

ಕುವೆಂಪುನಗರ_ಸ್ವಿಫ್ಟ್:
ಥ್ಯಾಂಕ್ಸ್. ಹಿಂದಿನ ಎರಡಕ್ಕೆ ಇನ್ನೂ 4 ಮಿ.ಮೀ. ಇದೆಯಲ್ಲ, ಅವನ್ನ ಬಿಟ್ಟು ಮುಂದಕ್ಕೆ ಮಾತ್ರ ಒಳ್ಳೇದು ಹಾಕಿಸೋಣ ಅಂತಿದ್ದೆ. ಇಂಜಿನ್ ಎಳೆಯೋದು ಮುಂದಿನ ಚಕ್ರ ತಾನೇ?

ಮೂರು_ಕೋನ:
ಎಲ್ಲರೂ ಎಡವೋದು ಇಲ್ಲೇ. ಎರಡೇ ಹೊಸದಾದರೆ ಅವು ಹಿಂದಕ್ಕೆ ಹೋಗಬೇಕು, ಎಳೆಯೋ ಚಕ್ರ ಮುಂದಿನದಾದರೂ ಸರಿ. ಮುಂದಿನದು ನೀರಿನ ಮೇಲೆ ಜಾರಿದರೆ ಕಾರು ತಿರುಗದೆ ನೇರ ಹೋಗುತ್ತೆ. ಕಾಲು ತೆಗೆದರೆ ಭಾರ ಮುಂದಕ್ಕೆ ಬಂದು ಹಿಡಿತ ಸಿಗುತ್ತೆ, ಸ್ಟೀರಿಂಗಿನಲ್ಲೇ ಸುಳಿವೂ ಸಿಗುತ್ತೆ. ಹಿಂದಿನದು ಜಾರಿದರೆ ಸ್ಟೀರಿಂಗಿಗೆ ಗೊತ್ತೇ ಆಗಲ್ಲ, ಬಾಲ ಪಕ್ಕಕ್ಕೆ ಬರುತ್ತೆ. ಆಗ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಹಿಂದಿನ ಭಾರ ಇನ್ನೂ ಹಗುರಾಗಿ ಕಾರು ಗಿರಕಿ ಹೊಡೆಯುತ್ತೆ. ಮಳೇಲಿ ಶ್ರೀರಂಗಪಟ್ಟಣ ಬೈಪಾಸಿನ ಉದ್ದನೆ ತಿರುವಲ್ಲಿ 90ರಲ್ಲಿ ಹೋಗುವಾಗ ಇದಾದರೆ ಸರಿಪಡಿಸೋಕೆ ಸಮಯವೇ ಇರಲ್ಲ.

ಆದರೆ ನಿಮ್ಮ ವಿಷಯದಲ್ಲಿ ಎರಡರ ಮಾತೇ ಬೇಡ. 3119 ಅಂದ್ರೆ 2019ರ ಆಗಸ್ಟ್ ಸುಮಾರು, ಆರು ವರ್ಷ ದಾಟಿದೆ. 4 ಮಿ.ಮೀ. ಇದ್ದರೂ ರಬ್ಬರ್ ಗಟ್ಟಿಯಾಗಿರುತ್ತೆ. ಬಟನ್‌ಗಳ ಬುಡದಲ್ಲಿ, ಸೈಡ್‌ವಾಲ್ ಅಂಚಲ್ಲಿ ಕೂದಲೆಳೆ ಬಿರುಕು ಇದೆಯಾ ನೋಡಿ. ದುಬಾರಿ ಎರಡಕ್ಕಿಂತ ಮಧ್ಯಮ ನಾಲ್ಕು ಮೇಲು. ಮುಂದೆ ಒಂದು ಹಿಡಿತ, ಹಿಂದೆ ಇನ್ನೊಂದು ಹಿಡಿತ ಇರೋ ಕಾರು ತುರ್ತಲ್ಲಿ ಹೇಗೆ ವರ್ತಿಸುತ್ತೆ ಅಂತ ಹೇಳಕ್ಕಾಗಲ್ಲ.

ಗಾಳಿ ಇಳಿಸೋ ಸಲಹೆ ಪೂರ್ತಿ ಉಲ್ಟಾ. ಓಡುವಾಗ ಬಿಸಿಗೆ ಒತ್ತಡ ನಾಲ್ಕೈದು ಪಿಎಸ್‌ಐ ಏರೋದು ಸಹಜ, ಟೈರ್ ತಯಾರಾಗಿರೋದೇ ಅದನ್ನ ಲೆಕ್ಕ ಹಾಕಿ. ಸಿಡಿಯೋದು ಗಾಳಿ ಕಮ್ಮಿಯಾದಾಗ. ಪ್ರತಿ ಸುತ್ತಿಗೂ ಸೈಡ್‌ವಾಲ್ ಹೆಚ್ಚು ಬಾಗಿ ಏಳುತ್ತೆ, ಆ ಮಡಚಾಟದ ಬಿಸಿ ಒಳಗೇ ಕೂಡುತ್ತೆ, ರಬ್ಬರಿಗೂ ಉಕ್ಕಿನ ಬೆಲ್ಟಿಗೂ ಇರೋ ಅಂಟು ಬಿಡುತ್ತೆ. ಒಂದು ಗಂಟೆ ನಿಲ್ಲಿಸದೆ 100ರಲ್ಲಿ ಓಡಿಸೋ ರಸ್ತೇಲಿ ಇದೇ ಅಪಾಯ.

ನೀರಿನ ಮೇಲೆ ತೇಲೋ ವೇಗವೂ ಗಾಳಿ ಮೇಲೇ ನಿಂತಿದೆ. ವಿಮಾನದ ಚಕ್ರಕ್ಕೆ ಅಂತ ನಾಸಾದವರು ಕೊಟ್ಟ ಸೂತ್ರ ಇದೆ: ಪಿಎಸ್‌ಐನ ವರ್ಗಮೂಲವನ್ನ 10.35ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಮೈಲಿ ಅಂತ ಸಿಗುತ್ತೆ. ಕಾರಿಗೆ ಅದು ಅಂದಾಜು ಮಾತ್ರ, ಟೈರಿನ ಕಾಲುವೆಗಳು ನೀರು ಹೊರಹಾಕೋಕೆ ಆಗದಷ್ಟು ಸವೆದಾಗ ಹೆಚ್ಚು ಹತ್ತಿರ ಬರುತ್ತೆ. 32 ಪಿಎಸ್‌ಐಗೆ ಸುಮಾರು 94 ಕಿ.ಮೀ., 25ಕ್ಕೆ 83 ಕಿ.ಮೀ. ನಿಮ್ಮ ಮುಂದಿನ ಟೈರಿನ 2.5 ಮಿ.ಮೀ. ಕಾನೂನಿಗೆ ಸಾಕು, ಮಳೆಗೆ ಸಾಲದು. 3 ಮಿ.ಮೀ.ಗೆ ಇಳಿದಾಗಲೇ ಬದಲಿಸೋದು ಒಳ್ಳೇದು.

ಎಷ್ಟು ಹೊಡೆಸಬೇಕು ಅನ್ನೋದು ಡ್ರೈವರ್ ಬಾಗಿಲಿನ ಕಂಬದ ಸ್ಟಿಕ್ಕರಲ್ಲಿದೆ. ಟೈರ್ ಮೇಲಿರೋದು ಗರಿಷ್ಠ ಮಿತಿ, ಅದನ್ನ ಹೊಡೆಸಬೇಡಿ. ಬೆಳಗ್ಗೆ ತಣ್ಣಗಿದ್ದಾಗ ಅಳೆಯಿರಿ. ಐದು ಜನ, ಲಗೇಜು ಇದ್ದರೆ ಪೂರ್ತಿ ಭಾರದ ಸಂಖ್ಯೆ.

ರಬ್ಬರ್_ಲೆಕ್ಕ:
185/70 ಆರ್14 ಬಗ್ಗೆ ಯಾರೂ ಹೇಳಲಿಲ್ಲ. 165/80ರ ವ್ಯಾಸ 619.6 ಮಿ.ಮೀ., 185/70ರದು 614.6. ಶೇ. 0.8 ಕಮ್ಮಿ, ಸ್ಪೀಡೋಮೀಟರಿಗೆ ಲೆಕ್ಕಕ್ಕಿಲ್ಲ. ಲೋಡ್ ಸೂಚ್ಯಂಕ, ಅಂದ್ರೆ ಒಂದು ಟೈರ್ ಹೊರೋ ಭಾರ, 85ರ (515 ಕೆ.ಜಿ.) ಬದಲು 88 (560 ಕೆ.ಜಿ.), ಅದೂ ಸರಿ. ಒಣ ತಿರುವಲ್ಲಿ ಕಾರು ಚೆನ್ನಾಗಿ ಕೂರುತ್ತೆ. ಆದರೆ ಅಗಲ ಟೈರ್ ನಿಂತ ನೀರನ್ನ ಸೀಳೋದು ಕಷ್ಟ, ಸ್ಟೀರಿಂಗ್ ಚೂರು ಭಾರ, ಮೈಲೇಜ್ ಚೂರು ಕಮ್ಮಿ, ಸೈಡ್‌ವಾಲಿನ ಎತ್ತರವೂ 132ರಿಂದ 129.5ಕ್ಕೆ ಇಳಿಯುತ್ತೆ. 165/80ರಲ್ಲೇ ಒಳ್ಳೇ ಮಾಡೆಲ್ ಸಿಕ್ಕರೆ ಬದಲಿಸೋ ಕಾರಣ ಇಲ್ಲ. ಆ ಸೈಜಲ್ಲಿ ಆಯ್ಕೆ ಕಮ್ಮಿ ಅನ್ನೋದೂ ನಿಜ. ಹಾಗಾದಾಗ ಮಾತ್ರ 185/70, ಅದೂ ನಿಮ್ಮ ಡಿಸ್ಕಿನ ಅಗಲಕ್ಕೆ ಆಗುತ್ತೆ ಅಂತ ಟೈರ್ ಕಂಪನಿಯ ಪಟ್ಟೀಲಿ ನೋಡಿಕೊಂಡು, ವಿಮೆಯವರಿಗೆ ತಿಳಿಸಿ.

ಕುವೆಂಪುನಗರ_ಸ್ವಿಫ್ಟ್:
ಸರಿ, ನಾಲ್ಕೂ ಮಧ್ಯಮ ದರ್ಜೆ, 165/80. ಹಾಕಿಸುವಾಗ ಏನೇನು ನೋಡಬೇಕು? ನೈಟ್ರೋಜನ್ ಬೇಕಾ? ಸ್ಟೆಪ್ನಿಗೆ ಹಳೇದರಲ್ಲಿ ಒಂದು ಇಟ್ಟುಕೊಳ್ಳಲಾ?

ಮೂರು_ಕೋನ:
ಟ್ಯೂಬ್‌ಲೆಸ್ ವಾಲ್ವ್ ನಾಲ್ಕೂ ಹೊಸದು ಹಾಕಿಸಿ, ಚಿಲ್ಲರೆ ಕಾಸಿಂದು. ಹೊಸ ಟೈರಿಗೆ ಹಳೇ ವಾಲ್ವ್ ಬಿಟ್ಟರೆ ಅದರ ರಬ್ಬರ್ ಬಿರಿದು ಗಾಳಿ ಮೆಲ್ಲಗೆ ಸೋರುತ್ತೆ. ಡಿಸ್ಕ್ ಅಂಚಿನ ತುಕ್ಕು ಉಜ್ಜಿಸಿ, ಇಲ್ಲಾಂದ್ರೆ ಅಲ್ಲೂ ಸೋರುತ್ತೆ. ‘ಔಟ್‌ಸೈಡ್’ ಅಂತ ಬರೆದಿದ್ದರೆ ಆ ಪಕ್ಕ ಹೊರಗೆ, ಬಾಣದ ಗುರುತಿದ್ದರೆ ಉರುಳೋ ದಿಕ್ಕಿಗೆ. ಬ್ಯಾಲೆನ್ಸಿಂಗ್ ನಾಲ್ಕಕ್ಕೂ. ಮೆಷಿನ್ ಎರಡು ಪಕ್ಕಕ್ಕೂ ಸೊನ್ನೆ ತೋರಿಸೋವರೆಗೆ ಬಿಡಬೇಡಿ. ಆಮೇಲೆ ಅಲೈನ್‌ಮೆಂಟ್, ಮುಂಚಿನ ಮತ್ತು ನಂತರದ ಪ್ರಿಂಟ್ ಕೇಳಿ ಪಡೆಯಿರಿ. ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರೋ ಕೋನ) ಸರಿ ಇಲ್ಲದಿದ್ದರೆ ಎಂಥ ಟೈರಾದರೂ ಐದಾರು ಸಾವಿರ ಕಿ.ಮೀ.ಗೆ ಒಳಅಂಚು ತಿಂದುಹೋಗುತ್ತೆ. ನಟ್ಟು ಗನ್ನಿನಲ್ಲಿ ಬಿಗಿದು ಬಿಡ್ತಾರೆ, ಟಾರ್ಕ್ ರೆಂಚಿನಲ್ಲಿ ಮ್ಯಾನ್ಯುಯಲ್‌ನ ಅಳತೆಗೆ ಮಾಡಿಸಿ. 50–100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ.

ಮೊದಲ ಇನ್ನೂರು ಕಿ.ಮೀ. ಮೆಲ್ಲಗೆ. ಅಚ್ಚಿನಿಂದ ಬಿಡಿಸೋಕೆ ಹಚ್ಚಿದ ಜಿಡ್ಡು ಮೇಲಿರುತ್ತೆ, ಮಳೇಲಿ ಜಾರುತ್ತೆ. ಚಾಮುಂಡಿ ಬೆಟ್ಟದ ಇಳಿಜಾರಲ್ಲಿ ಪರೀಕ್ಷೆ ಮಾಡೋಕೆ ಹೋಗಬೇಡಿ. 8,000–10,000 ಕಿ.ಮೀ.ಗೊಮ್ಮೆ ಹಿಂದೆಮುಂದೆ ಬದಲಿಸಿ.

ನೈಟ್ರೋಜನ್ ಬೇಡ. ಸಾಮಾನ್ಯ ಗಾಳೀಲೇ ಶೇ. 78 ಅದೇ ಇರೋದು.

ನಾಲೆ_ಏರಿ (ಮಂಡ್ಯ):
ಸ್ಟೆಪ್ನಿಗೆ ಈಗ ಡಿಕ್ಕಿಯಲ್ಲಿ ಏನದೆ ಅಂತ ಮೊದಲು ನೋಡಿ. ಕಾರಿನ ಜೊತೆ ಬಂದ ಓಡದ ಟೈರೇ ಆಗಿದ್ದರೆ ಅದರ ಡೇಟೂ 2019ರ ಸುಮಾರೇ ಇರುತ್ತೆ. ನೆರಳಲ್ಲಿದ್ದರೂ ವಯಸ್ಸು ವಯಸ್ಸೇ. ಅದನ್ನೇ ಇಟ್ಟುಕೊಳ್ಳಿ, ಹಾಕಿದಾಗ 80 ದಾಟಿಸಬೇಡಿ, ಪಂಚರ್ ಹಾಕಿಸಿದ ಕೂಡಲೇ ತೆಗೀರಿ. ಹಳೇ ನಾಲ್ಕರಲ್ಲಿ ಯಾವುದನ್ನೂ ಇಡಬೇಡಿ. ಸ್ಟೆಪ್ನಿಗೆ ಎರಡು ಮೂರು ಪಿಎಸ್‌ಐ ಜಾಸ್ತಿನೇ ಹೊಡೆಸಿಡಿ, ತಿಂಗಳುಗಟ್ಟಲೆ ಯಾರೂ ನೋಡಲ್ಲ. ಹೊಸದಕ್ಕೆ ಪಂಚರ್ ಆದರೆ ಹುರಿ ತೂರಿಸೋದು ಊರು ತಲುಪೋವರೆಗೆ ಅಷ್ಟೇಯ, ಆಮೇಲೆ ಬಿಚ್ಚಿಸಿ ಒಳಗಿಂದ ಮಶ್ರೂಮ್ (ಅಣಬೆ ಆಕಾರದ) ಪ್ಯಾಚ್ ಹಾಕಿಸಿ. ತೂತು 6 ಮಿ.ಮೀ.ಗಿಂತ ದೊಡ್ಡದಾಗಿದ್ದರೆ, ಇಲ್ಲಾ ಸೈಡ್‌ವಾಲಲ್ಲಿದ್ದರೆ ಪ್ಯಾಚ್ ಹಾಕ್ತೀನಿ ಅಂದರೂ ಒಪ್ಪಬೇಡಿ.