ಎಕ್ಕ-ರಾಜ ಕೈ, ಟರ್ನ್‌ನಲ್ಲಿ 110 ಡಾಲರ್ ರೇಸ್: ಬ್ಯಾಚ್ ಗುಂಪಿನ ಪೋಕರ್ ಚರ್ಚೆ

ಗಿರೀಶ: ಈ ಹ್ಯಾಂಡ್ ನೋಡಿ, ಏನ್ ಮಾಡ್ತೀರ ಹೇಳಿ. ಲಾಸ್ ವೇಗಸ್, 1-2 ಡಾಲರ್ (ಎಲೆ ಹಂಚೋ ಮುಂಚೆ ಇಬ್ಬರು ಹಾಕಲೇಬೇಕಾದ ಪಂತ) ನೋ ಲಿಮಿಟ್ (ಪಂತಕ್ಕೆ ಮಿತಿ ಇಲ್ಲದ) ಪೋಕರ್ ಟೇಬಲ್, ನಮ್ಮ ಹತ್ರಾನೂ ಎದುರಾಳಿ ಹತ್ರಾನೂ 200. ನಮ್ಮ ಕೈಲಿ ಎಕ್ಕ♥ ರಾಜ♦. 10ಕ್ಕೆ ರೇಸ್ (ಪಂತ ಏರಿಸಿದ್ವಿ), ಬಿಗ್ ಬ್ಲೈಂಡ್ (ಆ 2 ಡಾಲರ್ ಹಾಕಿದೋನು) ಒಬ್ಬನೇ ಕಾಲ್ (ಅಷ್ಟಕ್ಕೇ ಸರಿದೂಗಿಸಿದ). ಫ್ಲಾಪ್ (ಮೇಜಿನ ಮೇಲೆ ಎಲ್ಲರಿಗೂ ಸೇರಿದ ಮೊದಲ ಮೂರು ಎಲೆ) ರಾಜ♣ 9♠ 4♦. ನಾವು 12, ಅವನು ಕಾಲ್. ಟರ್ನ್ (ನಾಲ್ಕನೇ ಎಲೆ) 8♠. ನಾವು 30, ಅವನು 110ಕ್ಕೆ ರೇಸ್!

ಮಂಜು: ಕಾಲ್ ಮಗಾ. ಟಾಪ್ ಪೇರ್ (ಮೇಜಿನ ದೊಡ್ಡ ಎಲೆಯ ಜೋಡಿ), ಎಕ್ಕ ಕಿಕ್ಕರ್ (ಜೋಡಿ ಸಮ ಆದ್ರೆ ನೋಡೋ ಪಕ್ಕದ ಎಲೆ). ಪಾಟ್ (ಮಧ್ಯದಲ್ಲಿ ಸೇರಿದ ದುಡ್ಡು) 185 ಆಗಿದೆ, ನಾವು ಹಾಕ್ಬೇಕಾದ್ದು 80. ನೂರಕ್ಕೆ 30 ಸಲ ಗೆದ್ರೆ ಸಾಕು.

ಶೈಲಜಾ: 80ಕ್ಕೇ ನಿಲ್ಲಲ್ಲ ಕಣೋ. ಹಿಂದೆ ಇನ್ನೂ 68 ಉಳಿದಿದೆ. ಪಾಟ್ 265 ಆದ್ಮೇಲೆ ರಿವರ್‌ನಲ್ಲಿ (ಐದನೇ, ಕೊನೆ ಎಲೆ) ಅವನು ಆಲ್‌ಇನ್ (ಉಳಿದದ್ದೆಲ್ಲ ಪಂತಕ್ಕೆ) ಅಂದ್ರೆ ಬಿಡೋಕಾಗುತ್ತಾ? ನಿಜವಾದ ಲೆಕ್ಕ 148 ಹಾಕಿ 253 ಗೆಲ್ಲೋದು. ಅದಕ್ಕೆ ನೂರಕ್ಕೆ 37 ಬೇಕು.

ಗಿರೀಶ: 37 ಸಿಗಲ್ವಾ?

ಶೈಲಜಾ: ಅವನ ಕೈಲಿ ಏನಿರಬಹುದು ಎಣಿಸು. ಎರಡು 9, ಎರಡು 8 ಅಥವಾ ಎರಡು 4 ಇದ್ರೆ, ಅಂದ್ರೆ ಮೇಜಿನ ಎಲೆ ಸೇರಿ ಒಂದೇ ಬೆಲೆಯ ಮೂರು ಎಲೆಯ ಸೆಟ್‌ಗಳು ತಲಾ 3, ಒಟ್ಟು 9 ಕಾಂಬೋ (ಎರಡೆಲೆ ಜೋಡಣೆ). ಇವುಗಳ ಮುಂದೆ ನಮಗೆ ಒಂದು ಎಲೆಯೂ ಇಲ್ಲ, ರಾಜ ಬಂದ್ರೂ ಅವನಿಗೆ ಫುಲ್ ಹೌಸ್ (ಒಂದೇ ಬೆಲೆಯ ಮೂರು ಮತ್ತು ಒಂದು ಜೋಡಿ). ಸೂಟೆಡ್ (ಎರಡೂ ಎಲೆ ಒಂದೇ ಗುರುತಿನ) ಟೂ ಪೇರ್ (ಎರಡು ಜೋಡಿ) 5: ರಾಜ-9 ಒಂದು, ರಾಜ-8 ಒಂದು, 9-8 ಮೂರು. ರಾಜ-9 ಇದ್ರೆ ಉಳಿದ ಮೂರು ಎಕ್ಕ ಮಾತ್ರ ನಮ್ಮ ಕೈ ಹಿಡಿಯೋದು, 44 ಎಲೆಯಲ್ಲಿ 3. ಸ್ಪೇಡ್ (♠) ಡ್ರಾ, ಅಂದ್ರೆ ಒಂದು ಎಲೆ ಬಂದ್ರೆ ಕೈ ಪೂರ್ತಿಯಾಗೋದು, ನೋಡಿದ್ರೆ ಗುಲಾಮ-10, ರಾಣಿ-ಗುಲಾಮ, 7-6, ತಲಾ ಒಂದೇ. ಎಲ್ಲ ಸೇರಿಸಿ ನಮ್ಮ ಪಾಲು ನೂರಕ್ಕೆ 16.

ಮಂಜು: ನೀನು ಬಿಗಿಯಾಗಿ ಆಡೋನನ್ನ ಇಟ್ಕೊಂಡು ಲೆಕ್ಕ ಹಾಕಿದ್ದೀಯ. ಗುಲಾಮ-10 ಯಾವ ಗುರುತಿನದಾದ್ರೂ ಇಲ್ಲಿ 7 ಅಥವಾ ರಾಣಿ ಬಂದ್ರೆ ಸ್ಟ್ರೇಟ್ (ಸಾಲಾಗಿ ಐದು ಎಲೆ). ಅದೊಂದೇ 16 ಕಾಂಬೋ. ಅಷ್ಟನ್ನೂ ರೇಸ್ ಮಾಡೋನಾದ್ರೆ ನಮ್ಮ ಪಾಲು 47ಕ್ಕೆ ಏರುತ್ತೆ.

ಶೈಲಜಾ: ಗುಲಾಮ-10 ಆಫ್‌ಸೂಟ್‌ಗೆ (ಎರಡೆಲೆ ಬೇರೆ ಬೇರೆ ಗುರುತು) 10 ಡಾಲರ್ ಕೊಡೋನು ರಾಜ-9, ರಾಜ-8, 9-8 ಆಫ್‌ಸೂಟ್ ಎಸೀತಾನಾ? ಅವೂ ಸೇರಿದ್ರೆ ಟೂ ಪೇರ್ 5 ಇದ್ದದ್ದು 21 ಆಗುತ್ತೆ. ಮತ್ತೆ 36ರ ಒಳಗೇ ಬಂದ್ವಿ. ಅದೂ ಅವನು ಪ್ರತಿ ಡ್ರಾನೂ ರೇಸ್ ಮಾಡಿದ್ರೆ ಮಾತ್ರ.

ವಾಸು: ಅದೇ ಮುಖ್ಯ. 1-2 ಟೇಬಲಲ್ಲಿ ಡ್ರಾ ಇರೋರು ಹೆಚ್ಚಾಗಿ ಆ 30 ಕೊಟ್ಟು ಮುಂದಿನ ಎಲೆ ನೋಡ್ತಾರೆ. ರಾಜ-ರಾಣಿ ಇರೋನೂ ಅಷ್ಟೇ, ಬರೀ ಕಾಲ್. ಟರ್ನ್‌ನಲ್ಲಿ ಇಷ್ಟು ದೊಡ್ಡ ರೇಸ್ ಅಂದ್ರೆ ಟೂ ಪೇರ್ ಅಥವಾ ಸೆಟ್. ಫೋಲ್ಡ್ (ಕೈ ಬಿಟ್ಟುಬಿಡು).

ಮಂಜು: ಹಾಗಾದ್ರೆ ನಾವು 30 ಹಾಕಿದ್ದೇ ತಪ್ಪಾ?

ವಾಸು: ಖಂಡಿತ ಅಲ್ಲ. ರಾಜ-ರಾಣಿ, ರಾಜ-ಗುಲಾಮ, ರಾಜ-10 ತಲಾ 8 ಕಾಂಬೋ. ಈ 24 ಕೈಗಳೂ ಕಾಲ್ ಮಾಡುತ್ವೆ, ಎಲ್ಲವನ್ನೂ ನಾವು ಗೆದ್ದಿದ್ದೀವಿ. ಹೆದರಿ ಚೆಕ್ ಮಾಡಿದ್ರೆ (ಪಂತ ಹಾಕದೆ ಬಿಟ್ರೆ) ಆ ದುಡ್ಡು ಹೋಯ್ತು.

ಗಿರೀಶ: ಅವನು ಬರೀ ಡ್ರಾ ಇಟ್ಕೊಂಡು ರೇಸ್ ಮಾಡೋದನ್ನ ಅದೇ ಟೇಬಲಲ್ಲಿ ಎಲ್ರೂ ನೋಡಿದ್ರೆ?

ಶೈಲಜಾ: ಆಗ ಆಡು, ಆದ್ರೆ ಕಾಲ್ ಬೇಡ, ಅಲ್ಲೇ ಆಲ್‌ಇನ್. ಡ್ರಾ ತಪ್ಪಿದ್ಮೇಲೆ ಅವನು ಆ 68 ಕೊಡಲ್ಲ. ಟರ್ನ್‌ನಲ್ಲಾದ್ರೆ ಇಷ್ಟು ದೊಡ್ಡ ಪಾಟ್ ಬಿಡೋಕೆ ಮನಸ್ಸು ಬರದೆ ಹಾಕ್ತಾನೆ.