ಫೈವ್ ಎಸ್ ತಂದು ಮೂರು ತಿಂಗಳಾದರೂ ಸಭೆಯಲ್ಲಿ ಯಾರೂ ಮಾತನಾಡುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಗೇರುಬೀಜ ಕಾರ್ಖಾನೆಯ ಮೇಲ್ವಿಚಾರಕ, ಬೈಕಂಪಾಡಿ

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಮೂರು ತಿಂಗಳ ಹಿಂದೆ ಕೆಲಸದ ಜಾಗವನ್ನು ಅಚ್ಚುಕಟ್ಟಾಗಿ ಇಟ್ಟುಕೊಳ್ಳುವ ಜಪಾನಿನ ‘ಫೈವ್ ಎಸ್’ ಪದ್ಧತಿಯನ್ನು ಆರಂಭಿಸಿದೆವು. ಬೇಡದ ವಸ್ತುಗಳಿಗೆ ಕೆಂಪು ಚೀಟಿ ಅಂಟಿಸುವುದು, ಪ್ರತಿಯೊಂದಕ್ಕೂ ಜಾಗ ಗೊತ್ತುಮಾಡಿ ನೆಲದ ಮೇಲೆ ಹಳದಿ ಗೆರೆ ಎಳೆಯುವುದು ಇವೆಲ್ಲ ಮೊದಲ ವಾರದಲ್ಲೇ ಮುಗಿದವು. ಆದರೆ ಸಿಪ್ಪೆ ತೆಗೆಯುವ ವಿಭಾಗದಲ್ಲಿ ಬೆಳಿಗ್ಗೆ ನಡೆಸುವ ಹತ್ತು ನಿಮಿಷದ ಸಭೆಯಲ್ಲಿ ನಲವತ್ತು ಮಂದಿ ಹೆಂಗಸರ ಪೈಕಿ ಒಬ್ಬರೂ ಮಾತನಾಡುವುದಿಲ್ಲ. ನಾನು ಆಚೆ ಹೋದೊಡನೆ ಬುಟ್ಟಿಗಳು ಹಳೆಯ ಜಾಗಕ್ಕೇ ಮರಳುತ್ತವೆ. ತರಬೇತಿಗೆ ಬಂದವರು ‘ನಿಮಗೆ ಸಾಫ್ಟ್ ಸ್ಕಿಲ್ (ಜನರೊಡನೆ ಬೆರೆತು ಕೆಲಸ ಮಾಡುವ ಕೌಶಲ) ಸಾಲದು’ ಎಂದು ಹೇಳಿ ಹೋದರು. ನಾನು ಕಲಿಯಬೇಕಾದದ್ದು ನಿಖರವಾಗಿ ಏನೆಂಬುದನ್ನು ಅನುಭವಸ್ಥರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ನಿವೃತ್ತ ಗುಣಮಟ್ಟ ಅಧಿಕಾರಿ, ಉಡುಪಿ

ಅವರ ಕೂಲಿ ದಿನದ ಲೆಕ್ಕದಲ್ಲಿದೆಯೋ ಕಿಲೋ ಲೆಕ್ಕದಲ್ಲಿದೆಯೋ ನೀವು ಬರೆದಿಲ್ಲ. ಕಿಲೋ ಲೆಕ್ಕವಾಗಿದ್ದರೆ ನಿಮ್ಮ ಸಭೆಯ ಹತ್ತು ನಿಮಿಷ ಅವರ ಸಂಪಾದನೆಯಿಂದಲೇ ಹೋಗುತ್ತಿದೆ, ಆಗ ಅವರ ಮೌನಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಬುಟ್ಟಿಯ ವಿಷಯದಲ್ಲಿ ನಾನೇ ತಪ್ಪು ಮಾಡಿದವನು. ದಾರಿ ತೆರವಾಗಲೆಂದು ಬುಟ್ಟಿಗಳನ್ನು ಗೋಡೆಯ ಬದಿಗೆ ಇಡಿಸಿದ್ದೆ. ಒಂದು ದಿನ ಮಧ್ಯಾಹ್ನ ಊಟಕ್ಕೆ ಅವರ ಜೊತೆ ಕುಳಿತು ತುಳುವಿನಲ್ಲಿ ಮಾತಿಗಿಳಿದಾಗ, ಹಿರಿಯ ಅಕ್ಕ ಒಬ್ಬರು, ಆ ಗೋಡೆ ಮಳೆಗಾಲದಲ್ಲಿ ಒಸರುತ್ತದೆ, ಬೋರ್ಮಾದಲ್ಲಿ (ಬೀಜ ಒಣಗಿಸುವ ಬಿಸಿ ಗೂಡಿನಲ್ಲಿ) ಒಣಗಿ ಬಂದ ಬೀಜ ಅಲ್ಲಿ ಮತ್ತೆ ತೇವ ಹಿಡಿದು ಸಿಪ್ಪೆ ಬಿಡದೆ ತುಂಡಾಗುತ್ತದೆ ಎಂದರು. ಪೌಂಡಿಗೆ 300ರಿಂದ 320 ಇಡಿ ಬೀಜ ತೂಗುವ ಡಬ್ಲ್ಯೂ 320 ದರ್ಜೆಗೆ ಸೇರಬೇಕಾದ ಸರಕು ಹೀಗೆ ತುಂಡಿನ ರಾಶಿಗೆ ಬೀಳುತ್ತಿತ್ತು. ಕನ್ನಡದಲ್ಲಿ ನಡೆದ ಯಾವ ಸಭೆಯಲ್ಲೂ ಈ ಮಾತು ಬಂದಿರಲಿಲ್ಲ. ಕೇಳಿಸಿಕೊಳ್ಳುವ ಕೌಶಲವೆಂದರೆ ನನ್ನ ಮಟ್ಟಿಗೆ ಇದೇ.

ಉತ್ತರ 2: ಶಸ್ತ್ರಚಿಕಿತ್ಸಾ ವಿಭಾಗದ ನರ್ಸ್, ಮಂಗಳೂರು

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸೆಯ ಪರಿಶೀಲನಾ ಪಟ್ಟಿಯಲ್ಲಿರುವ 19 ಅಂಶಗಳಲ್ಲಿ, ಚರ್ಮ ಕೊಯ್ಯುವ ಮೊದಲು ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸವನ್ನು ಹೇಳಬೇಕೆಂಬುದೂ ಒಂದು. ಎಂಟು ನಗರಗಳ ಆಸ್ಪತ್ರೆಗಳಲ್ಲಿ ಈ ಪಟ್ಟಿಯನ್ನು ಬಳಸಿ ನೋಡಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು; ತೊಡಕುಗಳು ಶೇ. 11ರಿಂದ ಶೇ. 7ಕ್ಕೆ ಇಳಿದಿದ್ದವು. ನಾವು ಮೊದಮೊದಲು ಸಂಕೋಚದಿಂದ ಹೆಸರು ಹೇಳದೆ ಪಟ್ಟಿಯಲ್ಲಿ ಗುರುತು ಮಾತ್ರ ಹಾಕುತ್ತಿದ್ದೆವು. ಹಿರಿಯ ಸರ್ಜನ್ ಒಬ್ಬರು ಪ್ರತಿದಿನ ತಾವೇ ಮೊದಲು ಹೆಸರು ಹೇಳತೊಡಗಿದ ಮೇಲೆ ನಮಗೂ ಬಾಯಿ ಬಂತು, ಮತ್ತು ಒಮ್ಮೆ ಹೆಸರು ಹೇಳಿದವರಿಗೆ ‘ಸರ್, ಒಳಗೆ ಬಳಸಿದ ಹತ್ತಿಯ ಲೆಕ್ಕ ಸರಿಯಾಗಲಿಲ್ಲ’ ಎನ್ನಲು ಧೈರ್ಯವೂ ಬಂತು. ಸಭೆಯಲ್ಲಿ ನಿಮ್ಮ ತಪ್ಪೊಂದನ್ನು ನೀವೇ ಮೊದಲು ಹೇಳಿ ನೋಡಿ.

ಪ್ರಶ್ನೆ ಕೇಳಿದವರು:

ಕೂಲಿ ಕಿಲೋ ಲೆಕ್ಕದಲ್ಲೇ ಇದೆ; ಇದು ನನಗೆ ಹೊಳೆಯದೇ ಹೋದದ್ದಕ್ಕೆ ನಿಜವಾಗಿ ನೋವಾಗುತ್ತಿದೆ. ಸಭೆಯ ಸಮಯಕ್ಕೆ ಪ್ರತ್ಯೇಕ ಕೂಲಿ ಕೊಡಬೇಕೆಂದು ಧಣಿಗಳಲ್ಲಿ ನಾಳೆಯೇ ಕೇಳುತ್ತೇನೆ. ಬೀಜ ಬೇಯಿಸುವ ಕಡೆ ತುಳುವೂ ಕನ್ನಡವೂ ಬಾರದ ಹೊರರಾಜ್ಯದ ಹುಡುಗರಿದ್ದಾರೆ. ಅವರನ್ನು ಮಾತಿಗೆ ಎಳೆದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.